ನೀಲಿ ಸೀರೆಯ ಮೇಲೆ ರಕ್ಕಸತಂಗಡಿ

ಯುದ್ಧದ ಪಾಠ ಮಾಡುವವರಿಗೆ ನಿದ್ದೆಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಈ ಸತ್ಯವನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಬೆಂಗಳೂರಿನ ವಿಜಯನಗರ ಬಡಾವಣೆಯ ಒಂದು ಖಾಸಗಿ ಕಾಲೇಜಿನಲ್ಲಿ, ಮಧ್ಯಾಹ್ನದ ಊಟವಾದ ಕೂಡಲೇ ಬರುವ ಪೀರಿಯಡ್ಡಿನಲ್ಲಿ ಬಿ.ಕಾಂ. ಮಕ್ಕಳಿಗೆ ಇತಿಹಾಸ ಹೇಳಿ ಹೇಳಿ ಕಂಡುಕೊಂಡದ್ದು. ನಮ್ಮಲ್ಲಿ ಇತಿಹಾಸ ಐಚ್ಛಿಕ ವಿಷಯ. ಐಚ್ಛಿಕ ಎಂದರೆ ಬೇರೆಲ್ಲೂ ಸೀಟು ಸಿಗದವರು ಬಂದು ಕೂರುವ ಜಾಗ. ಹೊಟ್ಟೆಯೊಳಗೆ ಚಿತ್ರಾನ್ನ, ತಲೆಯ ಮೇಲೆ ಫ್ಯಾನು, ಎದುರಿಗೆ ನಾನು. ಈ ಮೂರೂ ಕೂಡಿಬಂದರೆ ಎಂಥ ವೀರನಾದರೂ ಒರಗಿಬಿಡುತ್ತಾನೆ. ರಕ್ಕಸತಂಗಡಿಯಲ್ಲಿ ಅಷ್ಟು ದೊಡ್ಡ ಸಾಮ್ರಾಜ್ಯ ಮಣ್ಣುಗೂಡಿತು ಎಂದು ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದರೆ, ವಿಜಯನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಒಂದಿಷ್ಟೂ ಬೇಸರವಿಲ್ಲ. ಹಿಂದಿನ ಬೆಂಚಿನ ದರ್ಶನ್ ಎಂಬವನಂತೂ ಬಾಯಿ ತೆರೆದುಕೊಂಡೇ ಮಲಗುತ್ತಿದ್ದ.

ಹೀಗಿರುವಾಗ ಪ್ರಿನ್ಸಿಪಾಲರು ಕರೆಸಿದರು. ಅವರು ಮೂಲತಃ ಲೆಕ್ಕಶಾಸ್ತ್ರದ ಮೇಷ್ಟ್ರು. ಎರಡು ಕಡೆ ತಾಳೆಯಾಗದ ಯಾವುದನ್ನೂ ಒಪ್ಪುವವರಲ್ಲ. ಮಕ್ಕಳಿಗೆ ಇತಿಹಾಸದಲ್ಲಿ ಆಸಕ್ತಿ ಇಲ್ಲ, ಮುಂದಿನ ಸೆಮಿಸ್ಟರಿನಿಂದ ಅದರ ಬದಲು ವ್ಯಕ್ತಿತ್ವ ವಿಕಸನ ಅಂತ ಒಂದು ಕೋರ್ಸ್ ತರೋಣ ಅಂತಿದೀವಿ, ನೀವು ಅಡ್ಮಿಷನ್ ಕೌಂಟರ್ ನೋಡಿಕೊಳ್ಳಬಹುದು ಎಂದು ಬಹಳ ವಿನಯದಿಂದಲೇ ಹೇಳಿದರು. ನಾನು ಈ ಸೆಮಿಸ್ಟರ್ ಮುಗಿಯುವತನಕ ಸಮಯ ಕೇಳಿ ಎದ್ದುಬಂದೆ. ಅಡ್ಮಿಷನ್ ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಸೈಜ್ ಫೋಟೋ ತಂದಿದೀರಾ ಎಂದು ಕೇಳುವ ನನ್ನ ಮುಖ ಬಸವೇಶ್ವರನಗರದ ಮನೆ ತಲುಪುವವರೆಗೂ ಕಣ್ಣ ಮುಂದೆ ಕುಣಿಯುತ್ತಿತ್ತು.

ಯುದ್ಧವನ್ನು ಹೇಳುವ ಬದಲು ಆಡಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಅವತ್ತೇ. ಸೇನಾ ಶಾಲೆಗಳಲ್ಲಿ ಹಳೆಯ ಕದನಗಳನ್ನು ಆಟವಾಗಿ ಆಡಿಸಿ ಕಲಿಸುತ್ತಾರೆಂದು ಎಲ್ಲೋ ಓದಿದ್ದೆ. ಅವರ ಬಳಿ ನಕ್ಷೆ, ಕಂಪ್ಯೂಟರು ಎಲ್ಲ ಇರುತ್ತವೆ. ನನ್ನ ಬಳಿ ಅಡುಗೆಮನೆಯೂ ಬೀರುವೂ ಇದ್ದವು. ಹುಣಸೆಬೀಜ ಆನೆಯಾಯಿತು, ಕಡಲೆಕಾಳು ಕುದುರೆ, ಹೆಸರುಕಾಳು ಕಾಲಾಳು, ಗಡಿಯಾರದ ಹಳೆಯ ಬ್ಯಾಟರಿಗಳು ಫಿರಂಗಿ. ಕೃಷ್ಣಾ ನದಿಗೆ ಮಾತ್ರ ನನ್ನ ನೀಲಿ ಮೈಸೂರು ಸಿಲ್ಕ್ ಸೀರೆಯನ್ನೇ ಕೊಡಬೇಕಾಯಿತು. ಬೇರೆ ಯಾವುದನ್ನು ಹಾಸಿದರೂ ಕಾಲುವೆಯಂತೆ ಕಾಣುತ್ತಿತ್ತು.

ಮೊದಲ ಕದನ ನಮ್ಮ ಮಂಚದ ಮೇಲೆ ನಡೆಯಿತು. ನಮ್ಮವರು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರು, ಷರತ್ತುಗಳನ್ನು ಓದದೆ ತಿಂಡಿಯನ್ನೂ ತಿನ್ನುವವರಲ್ಲ. ನದಿಯನ್ನು ಮೂರು ಕಡೆ ಮಾತ್ರ ದಾಟಬಹುದು, ಅಲ್ಲಿ ನೀರು ಆಳವಿಲ್ಲ, ಅದಕ್ಕೆ ಕಡವು ಅನ್ನುತ್ತಾರೆ ಎಂದು ನಾನು ವಿವರಿಸಿದರೆ, ಆನೆಗೆ ಈಜು ಬರುತ್ತಲ್ಲ ಎಂದರು. ಬರುತ್ತದೆ, ಫಿರಂಗಿಗೆ ಬರುವುದಿಲ್ಲ ಎಂದೆ. ಫಿರಂಗಿಯನ್ನು ಆನೆಯ ಮೇಲೆ ಹೊರಿಸಿದರೆ ಎಂದರು. ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ವಿಷಯವನ್ನು ಅಷ್ಟು ಹೊತ್ತು ಮಾತಾಡಿರಲಿಲ್ಲ. ಅವರ ತಕರಾರುಗಳಿಂದಲೇ ನನ್ನ ಆಟಕ್ಕೆ ನಿಯಮಗಳು ಹುಟ್ಟಿದವು. ಆ ವಾರ ಮನೆಯಲ್ಲಿ ಉಸಲಿ ಮಾಡಲು ಕುದುರೆಗಳೇ ಉಳಿದಿರಲಿಲ್ಲ.

ಆಟ ಇಷ್ಟೇ. ಕ್ಲಾಸಿನ ನೆಲದ ಮೇಲೆ ಸೀರೆ ಹಾಸಿ, ಮೂರು ಕಡವುಗಳನ್ನು ರಂಗೋಲಿ ಪುಡಿಯಲ್ಲಿ ಗುರುತಿಸಿ, ನದಿಯ ಮೇಲೆ ಉದ್ದಕ್ಕೂ ಒಂದು ಬೆಡ್‌ಶೀಟನ್ನು ಪರದೆಯಂತೆ ಕಟ್ಟಿದೆ. ತೆಂಕಣ ದಡದಲ್ಲಿ ವಿಜಯನಗರದ ಸೇನೆ, ಬಡಗಣ ದಡದಲ್ಲಿ ಸುಲ್ತಾನರ ಸೇನೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಂದು ಸರದಿ ಎಂದರೆ ಒಂದು ದಿನ. ಬೇಹುಗಾರ್ತಿ ನಾನು, ಆದರೆ ನಾನು ತರುವ ಸುದ್ದಿ ಒಂದು ದಿನ ಹಳೆಯದು. ಶತ್ರು ನಿನ್ನೆ ಎಲ್ಲಿದ್ದ ಎಂದು ಹೇಳುತ್ತೇನೆಯೇ ಹೊರತು ಇವತ್ತು ಎಲ್ಲಿದ್ದಾನೆ ಎಂದಲ್ಲ. ಹಳೆಯ ಬರಹಗಳಲ್ಲಿ ಒಂದು ಕಥೆಯಿದೆ: ಸುಲ್ತಾನರ ಸೇನೆ ಬೇರೆಲ್ಲೋ ದಾಟುವಂತೆ ದಡದುದ್ದಕ್ಕೂ ನಡೆಯಿತು, ಕಡವು ಕಾಯುತ್ತಿದ್ದವರು ಅದನ್ನು ಹಿಂಬಾಲಿಸಿ ಹೋದರು, ಅಷ್ಟರಲ್ಲಿ ಅದು ಸರ್ರನೆ ಹಿಂತಿರುಗಿ ಖಾಲಿ ಬಿದ್ದ ಕಡವಿನಲ್ಲೇ ದಾಟಿತು. ಈ ಕಥೆಯನ್ನು ನಾನು ಮಕ್ಕಳಿಗೆ ಹೇಳಲೇ ಇಲ್ಲ. ಸುಮ್ಮನೆ ಕಾಳು ಹಂಚಿದೆ.

ಮೊದಲ ದಿನ ನಗು, ಎರಡನೆಯ ದಿನ ಜಗಳ, ಆಮೇಲೆ ಊಟವನ್ನೂ ಅರ್ಧಕ್ಕೆ ಬಿಟ್ಟು ಬಂದು ಬೆಂಚುಗಳನ್ನು ಗೋಡೆಗೆ ತಳ್ಳಿ ಕಾಯತೊಡಗಿದರು. ಮಲಗುತ್ತಿದ್ದ ದರ್ಶನ್ ತೆಂಕಣ ದಡದ ಸೇನಾಪತಿಯಾದ. ಎದುರು ಪಾಳೆಯಕ್ಕೆ ಚೈತ್ರ ಎಂಬ ಹುಡುಗಿ. ಬ್ಯಾಡರಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವವಳು, ಅಲ್ಲಿಯತನಕ ಅವಳ ದನಿಯನ್ನು ನಾನು ಹಾಜರಿಯಲ್ಲಿ ಮಾತ್ರ ಕೇಳಿದ್ದೆ.

ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದೇ ಬಂದರು. ಬಾಗಿಲಲ್ಲಿ ನಿಂತು, "ಏನ್ರೀ ಮೇಡಂ ಇದು, ಸೀರೆ ಒಣಗ್ ಹಾಕಿದೀರಾ?" ಎಂದು ಎರಡು ಹೆಜ್ಜೆ ಒಳಗಿಟ್ಟರು. ಅಡ್ಮಿಷನ್ ಕೌಂಟರು ಮತ್ತೆ ಕಣ್ಣ ಮುಂದೆ ಬಂತು. ಆಗ ದರ್ಶನ್ ತಲೆಯನ್ನೂ ಎತ್ತದೆ, "ಸಾರ್, ಸ್ವಲ್ಪ ಸರೀರಿ, ಕೃಷ್ಣಾ ನದಿ ಮೇಲೆ ನಿಂತಿದೀರಾ" ಎಂದ.

ಅವರು ನಿಜವಾಗಿಯೂ ಸರಿದರು. ಸರಿದದ್ದು ತೆಂಕಣ ದಡಕ್ಕೆ. ಅಷ್ಟರಲ್ಲಿ ನಾನು ತಂದ ಸುದ್ದಿ, ಶತ್ರು ಮೂಡಣದ ಕಡೆ ಹೊರಟಿದ್ದಾನೆ ಎಂದು. ಪ್ರಿನ್ಸಿಪಾಲರಿಗೆ ತಡೆಯಲಾಗಲಿಲ್ಲ. ಅವರು ಆ ಕಡೆ ಹೋಗ್ತಿದ್ರೆ ನೀನು ಇಲ್ಲೇ ಯಾಕಪ್ಪ ಕೂತಿದೀಯ, ಹಿಂದೆ ಹೋಗು ಎಂದು ದರ್ಶನನಿಗೆ ಹೇಳಿದರು. ಪ್ರಿನ್ಸಿಪಾಲರ ಮಾತು ಮೀರುವುದುಂಟೇ, ಅವನು ಆನೆ, ಕುದುರೆ, ಬ್ಯಾಟರಿ ಸಮೇತ ಹೊರಟ. ಮಾರನೆಯ ಸರದಿಯಲ್ಲಿ ಬೆಡ್‌ಶೀಟ್ ಎತ್ತಿದರೆ ಚೈತ್ರಳ ಇಡೀ ಸೈನ್ಯ ಹಿಂತಿರುಗಿ, ಖಾಲಿ ಕಡವನ್ನು ದಾಟಿ, ನಮ್ಮ ದಡದಲ್ಲಿ ಕೂತಿತ್ತು. ಯಾರೂ ಹೇಳಿಕೊಡದೆ, ಯಾವ ನೋಟ್ಸನ್ನೂ ಓದದೆ, ಆ ಹುಡುಗಿ ರಕ್ಕಸತಂಗಡಿಯನ್ನು ತಾನೇ ಕಂಡುಹಿಡಿದಿದ್ದಳು. ಪ್ರಿನ್ಸಿಪಾಲರು ಕಾಳುಗಳನ್ನೇ ನೋಡುತ್ತ ಶೂ ಬಿಚ್ಚಿ ಗೋಡೆಯ ಪಕ್ಕ ಇಟ್ಟು ನೆಲದ ಮೇಲೆ ಕೂತರು.

"ಇನ್ನೊಂದ್ ಸಲ ಆಡೋಣ," ಎಂದರು.

ಇತಿಹಾಸ ಉಳಿಯಿತು. ಉಳಿಯಿತೇನು, ಬೆಳೆಯಿತು. ಮುಂದಿನ ಸೆಮಿಸ್ಟರಿಗೆ ನನ್ನ ಕ್ಲಾಸಿಗೆ ಸೀಟು ಸಿಗದವರು ವ್ಯಕ್ತಿತ್ವ ವಿಕಸನಕ್ಕೆ ಹೋಗಬೇಕಾಯಿತು. ನಾನು ಕಾರಿಡಾರಿನಲ್ಲಿ ನಡೆಯುವ ಗತ್ತೇ ಬದಲಾಯಿತೆಂದು ಸ್ಟಾಫ್‌ರೂಮಿನವರು ಆಡಿಕೊಂಡರಂತೆ. ಆಡಿಕೊಳ್ಳಲಿ, ದಂಡನಾಯಕರು ಇಂಥವನ್ನೆಲ್ಲ ಕಿವಿಗೆ ಹಾಕಿಕೊಳ್ಳಬಾರದು.

ಇದೇ ಗತ್ತಿನಲ್ಲಿದ್ದಾಗ ಮಕ್ಕಳು ಒಂದು ಸವಾಲು ಹಾಕಿದರು. ಆ ಸೆಮಿಸ್ಟರಿನ ಕೊನೆಯ ಆಟದಲ್ಲಿ ತೆಂಕಣ ದಡವನ್ನು ನಾನೇ ಕಾಯಬೇಕು, ಎದುರಿಗೆ ಚೈತ್ರ, ಬೇಹಿನ ಕೆಲಸ ಪ್ರಿನ್ಸಿಪಾಲರದು. ನಾನು ನಗುನಗುತ್ತಲೇ ಒಪ್ಪಿದೆ. ಇಷ್ಟು ವರ್ಷ ಇದೇ ಪಾಠ ಮಾಡಿದವಳು, ಕಡವನ್ನು ಬಿಟ್ಟು ಕದಲಿದ್ದೇ ಸೋಲಿಗೆ ಕಾರಣ ಎಂದು ಎಷ್ಟೋ ಬ್ಯಾಚುಗಳಿಗೆ ಬರೆಸಿದವಳು. ಶತ್ರು ಮೂಡಣಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ಬಂತು. ನಾನು ನಡುವಿನ ಕಡವಿನಿಂದ ಕದಲಲಿಲ್ಲ. ಇನ್ನೂ ಮುಂದೆ ಹೋಗಿದ್ದಾನೆ ಎಂಬ ಸುದ್ದಿ ಬಂತು. ಇದೆಲ್ಲ ನಾಟಕ, ತಿರುಗಿ ಇಲ್ಲಿಗೇ ಬರ್ತಾಳೆ ನೋಡಿ ಎಂದು ಸುತ್ತ ನೆರೆದವರಿಗೆ ವಿವರಣೆಯನ್ನೂ ಕೊಟ್ಟೆ. ಮೂರನೆಯ ಸುದ್ದಿ ಹೇಳುವಾಗ ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ಚೈತ್ರ ನಿನ್ನೆಯೇ ಮೂಡಣದ ಕಡವನ್ನು ದಾಟಿಯಾಗಿತ್ತು. ಅವಳ ಕುದುರೆಗಳು ನನ್ನ ಬೆನ್ನ ಹಿಂದೆ ನಿಂತಿದ್ದವು.

ತಿರುಗಿ ಬರಲಿಲ್ಲವೇಕೆ ಎಂದು ಕೇಳಿದೆ. "ನಿಮಗೆ ಹಿಸ್ಟರಿ ಗೊತ್ತಿತ್ತಲ್ಲ ಮೇಡಂ, ಅದಕ್ಕೇ," ಎಂದಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಚಪ್ಪಾಳೆ ನಿಂತ ಮೇಲೆ ದರ್ಶನ್ ಎದ್ದುನಿಂತು, ಪರೀಕ್ಷೆಯಲ್ಲಿ ಮೇಡಂ ಸೋಲಿಗೆ ಕಾರಣಗಳೇನು ಅಂತ ಕೇಳಿದರೆ ಎಷ್ಟು ಪಾಯಿಂಟ್ ಬರೀಬೇಕು ಎಂದು ಗಂಭೀರವಾಗಿಯೇ ಕೇಳಿದ.

ಸಂಜೆ ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಕಾಯುತ್ತಿದ್ದರು, ಯಾರು ಗೆದ್ದರು ಎಂದು. ನಾವೇ ಗೆದ್ವಿ ಎಂದೆ. ಷರತ್ತುಗಳನ್ನು ಓದದೆ ತಿಂಡಿಯನ್ನೂ ತಿನ್ನದ ಮನುಷ್ಯ, ನಾವು ಅಂದರೆ ಯಾವ ದಡದವರು ಎಂದು ಅವತ್ತೊಂದು ದಿನ ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.