ಬಾಗೂರಿನ ಅಂಗಳದಲ್ಲಿ ಆಕಾಶಗಂಗೆ

ಇನ್‌ಸ್ಪೆಕ್ಟರ್ ರುದ್ರಯ್ಯನವರು ವಿಜ್ಞಾನದ ಪಾಠ ನೋಡಲು ಬರುತ್ತಾರೆಂದು ತಿಳಿದಾಗಿನಿಂದ ಧರಣೇಂದ್ರಯ್ಯ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಮೆಚ್ಚಿದರೆ ಬಾಗೂರಿನಿಂದ ಹಾಸನದ ಹೈಸ್ಕೂಲಿಗೆ ವರ್ಗ. ಹಾಸನದಲ್ಲಿ, ತವರಿನಲ್ಲೇ ಉಳಿದ ಹೆಂಡತಿ ರಾಜೀಮತಿ. ಮದುವೆಯಾಗಿ ಎರಡು ವರ್ಷ, ಸಂಸಾರವೆಲ್ಲ ಅಂಚೆ ಕಾರ್ಡಿನಲ್ಲೇ ನಡೆದಿತ್ತು.

ಅವರು ಬರುವ ದಿನ ಬೆಳಿಗ್ಗೆಯೇ ಮೇಷ್ಟ್ರು ಪಾಠಕ್ಕೆಂದು ಸ್ಕೂಲಿನ ಅಂಗಳದಲ್ಲಿ ಆಕಾಶಗಂಗೆಯನ್ನು ಇಳಿಸಿದರು. ನಡುವಿನ ಉಬ್ಬಿಗೆ ಅರ್ಧ ಹೋಳು ಕುಂಬಳಕಾಯಿ. ಅಲ್ಲಿನ ನಕ್ಷತ್ರಗಳು ಮುದಿಯಾಗಿ ಕೆಂಪಡರಿರುವುದರಿಂದ ಅದಕ್ಕೆ ಅರಿಸಿನ, ಕುಂಕುಮ. ಅದರಿಂದ ಹೊರಟು ಸುತ್ತಿಕೊಳ್ಳುವ ಎರಡು ತೋಳುಗಳಿಗೆ ನೀಲಿ ಬೆರೆಸಿದ ಅಕ್ಕಿಹಿಟ್ಟು. ತೋಳಿನಂಚಿನ ಕಪ್ಪು ಧೂಳಿಗೆ ಇದ್ದಿಲ ಪುಡಿ. ಹೊರಗೆ ಚೆದುರಿದ ನಕ್ಷತ್ರಗುಚ್ಛಗಳಿಗೆ ಹನ್ನೊಂದು ನಿಂಬೆಹಣ್ಣು.

ಪಕ್ಕದ ಮನೆಯ ಬೆಟ್ಟಮ್ಮ ಬೇಲಿಯಾಚೆಯಿಂದ ಇಣುಕಿದವಳೇ ಚೀರಿದಳು.

“ಅಯ್ಯಯ್ಯೋ, ಇಸ್ಕೂಲ್ ಮುಂದೆ ಮಾಟ ಮಾಡವ್ರೆ ಕಣ್ರಪ್ಪೋ!”

ಬೆಂಕಿ ಬಿದ್ದ ಬಣವೆಗೆ ಓಡುವಂತೆ ಊರು ಓಡಿಬಂತು. ಪಟೇಲ ಕೃಷ್ಣಪ್ಪ ಮುಂದೆ ನಿಂತ.

“ಏನ್ ಸಾ ಇದು?”

“ನಕ್ಷತ್ರಗಳ ಸುರುಳಿ, ಪಟೇಲರೇ. ನಾವೂ ಇದರೊಳಗೇ ಇದ್ದೀವಿ.”

“ನಮ್ಮೂರು ಎಲ್ಲದೆ?”

ಮೇಷ್ಟ್ರು ನಡುವಿನಿಂದ ಬಹುದೂರದಲ್ಲಿ ಒಂದು ಹಿಟ್ಟಿನ ಕಣ ತೋರಿಸಿದರು. “ಇದು ಸೂರ್ಯ. ಭೂಮಿ ಕಣ್ಣಿಗೂ ಕಾಣಲ್ಲ.”

“ಅಂಗಾರೆ ನನ್ ಎಂಟೆಕ್ರೆ ಗದ್ದೆ?” ಕೃಷ್ಣಪ್ಪನ ಮುಖ ಕೆಂಪಾಯಿತು.

ಅಷ್ಟರಲ್ಲಿ ಬೆಟ್ಟಮ್ಮ ಪೊರಕೆ ತಂದು ಬೀಸಿದಳು. ಒಂದೇ ಏಟಿಗೆ ಕೋಟಿಗಟ್ಟಲೆ ನಕ್ಷತ್ರಗಳು ಚರಂಡಿ ಸೇರಿದವು. ಮೇಷ್ಟ್ರು ಪೊರಕೆಯ ಇನ್ನೊಂದು ತುದಿ ಹಿಡಿದು ಜಗ್ಗುತ್ತಿರುವಾಗಲೇ ಇನ್‌ಸ್ಪೆಕ್ಟರ ಜಟಕಾ ಬಂದು ನಿಂತಿತು.

ರುದ್ರಯ್ಯನವರು ಗದರಿದೊಡನೆ ಜನ ಹಿಂದೆ ಸರಿದರು. ಮುಖಕ್ಕೆಲ್ಲ ಇದ್ದಿಲು ಮೆತ್ತಿಕೊಂಡೇ ಮೇಷ್ಟ್ರು ಅಳಿಯದೆ ಉಳಿದ ಒಂದು ಸುರುಳಿ ತೋಳನ್ನೇ ತೋರಿಸಿ ಮಕ್ಕಳಿಗೆ ಪಾಠ ಮುಗಿಸಿದರು. ಇನ್‌ಸ್ಪೆಕ್ಟರು ತಲೆದೂಗುತ್ತ ಕೇಳಿದರು.

“ಇದು ತಿರುಗುತ್ತೋ?”

“ತಿರುಗುತ್ತೆ ಸಾರ್. ನಾವು ಒಂದು ಸುತ್ತು ಮುಗಿಸೋಕೆ ಕೋಟ್ಯಂತರ ವರ್ಷ.”

“ಭೇಷ್!” ಎಂದು ರುದ್ರಯ್ಯನವರು ಎಲ್ಲರನ್ನೂ ಮನೆಗೆ ಕಳಿಸಿದರು. ಮೇಷ್ಟ್ರಿಗೆ ಹಾಸನದ ಬೀದಿಗಳೇ ಕಣ್ಣೆದುರು ಬಂದವು.

ಇನ್‌ಸ್ಪೆಕ್ಟರು ಅಂಗಳದ ಬಾಗಿಲು ಮುಚ್ಚಿ ಹತ್ತಿರ ಬಂದರು.

“ಮೇಷ್ಟ್ರೇ, ಜನಕ್ಕೆ ಹೇಳೋಕೆ ಅದು ಸರಿ. ಆದರೆ ಕೋಟಿ ವರ್ಷ ನಾನು ಕಾಯಲಾರೆ. ಮಾಟ ಬೇಗ ಹಿಡಿಯೋ ಹಾಗೆ ಮಾಡಿ.”

“ಏನು ಸಾರ್? ಯಾರಿಗೆ?”

“ನಮ್ಮ ದೊಡ್ಡ ಸಾಹೇಬರಿಗೆ. ನನ್ನ ಪ್ರಮೋಷನ್ ತಡೆದು ಕೂತಿದ್ದಾರೆ.”

“ಸಾರ್, ಆಣೆ ಮಾಡ್ತೀನಿ, ಇವು ಬರೀ ನಕ್ಷತ್ರ!”

“ನಿಜವಾಗಿ ಬಲ್ಲವರು ಹೀಗೇ, ಗುಟ್ಟು ಬಿಟ್ಟುಕೊಡೋಲ್ಲ,” ಎಂದು ರುದ್ರಯ್ಯನವರು ಭಕ್ತಿಯಿಂದ ಒಂದು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ತಪಾಸಣೆ ಪುಸ್ತಕದಲ್ಲಿ ಬರೆದರು:

‘ಅಪೂರ್ವ ವಿದ್ವಾಂಸರು. ಪಟ್ಟಣದ ಗದ್ದಲದಲ್ಲಿ ಇವರ ಕೆಲಸ ಸಾಗದು. ಹಾಸನಕ್ಕೆ ವರ್ಗ ಮಾಡದೆ, ಬಾಗೂರಿನಲ್ಲೇ ಖಾಯಂ ಇರಿಸತಕ್ಕದ್ದು.’