ಗೀಜಗನ ಗೂಡು ನೋಡಲು ಹೋಗಿ

ಹಕ್ಕಿ ನೋಡುವವನನ್ನು ನಮ್ಮ ತೆಂಗಿನ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ಕೊರಳಿಗೆ ದುರ್ಬೀನು ಹಾಕಿಕೊಂಡು ಪರರ ತೋಟದಲ್ಲಿ ತಲೆ ಎತ್ತಿ ನಿಂತವನು ಕಳ್ಳನಲ್ಲದಿದ್ದರೆ ಸರ್ಕಾರದವನು. ತಿಪಟೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನಾನು ಪ್ರತಿ ಮುಂಗಾರಿನಲ್ಲೂ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಲು ಹೋಗುತ್ತೇನೆ, ಪ್ರತಿ ಸಲವೂ ಸಿಕ್ಕಿಬೀಳುತ್ತೇನೆ. ಕಳೆದ ಮಳೆಗಾಲದಲ್ಲಂತೂ ದಂಡಿನಶಿವರದ ಕಡೆ ಒಂದೇ ತೋಟದಲ್ಲಿ ಮತ್ತೆ ಮತ್ತೆ.

೧. ರೋಡು

ಬಾವಿಯ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ದುರ್ಬೀನಿನಲ್ಲಿ ನೋಡುತ್ತಿದ್ದೆ. ತೋಟದ ಯಜಮಾನರು ಹಿಂದಿನಿಂದ ಬಂದು, "ರೋಡು ಯಾವ ಕಡೆಯಿಂದ ಹೋಯ್ತದೆ?" ಎಂದರು.

"ಯಾವ ರೋಡು? ನಾನು ಕಾಲೇಜು ಮೇಷ್ಟ್ರು, ಹಕ್ಕಿ ನೋಡ್ತಿದ್ದೀನಿ."

"ಹೋದ ಸಲ ರೋಡಿಗೆ ಅಳೆಯೋಕೆ ಬಂದೋನೂ ನೀರಿನ ಪೈಪು ನೋಡ್ತೀನಿ ಅಂದಿದ್ದ. ನೋಡಿ ಸ್ವಾಮಿ, ಮಗಂಗೆ ಮೂವತ್ತೈದಾಯ್ತು, ಹೆಣ್ಣು ಸಿಕ್ತಿಲ್ಲ. ತೋಟಾನೂ ಹೋದ್ರೆ ಯಾರು ಕೊಡ್ತಾರೆ? ಪಕ್ಕದ್ದು ನಮ್ಮಣ್ಣನ ತೋಟ. ಅಲ್ಲಿ ಹಕ್ಕಿ ಜಾಸ್ತಿ ಅವೆ, ಅಲ್ಲಿ ಅಳೀರಿ!"

೨. ಕಲ್ಲು

ಅವರದೇ ರಾಗಿ ಹೊಲದಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಟ್ಟಿತ್ತು. ಟ್ರಾಕ್ಟರ್ ಹತ್ತದಿರಲಿ ಎಂದು ಸುತ್ತ ಕಲ್ಲು ಜೋಡಿಸಿ ಬಂದೆ. ಮುಂದಿನ ವಾರ ಹೋದರೆ ಕಲ್ಲುಗಳ ಪಕ್ಕ ಕೊಯ್ದ ನಿಂಬೆಹಣ್ಣು, ಕುಂಕುಮ!

ಯಜಮಾನರು ದೂರದಲ್ಲೇ ನಿಂತು ಕೂಗಿದರು. "ಹತ್ರ ಹೋಗ್ಬೇಡಿ! ಮಗನ ಮದುವೆ ಆಗಬಾರದು ಅಂತ ನಮ್ಮಣ್ಣ ಮಾಟ ಮಾಡ್ಸವ್ನೆ. ನಾನೂ ತಿರುಗಿ ಮಾಡ್ಸಿದ್ದೀನಿ."

"ಅಯ್ಯೋ, ಕಲ್ಲು ಇಟ್ಟಿದ್ದು ನಾನು ಕಣ್ರೀ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಾಲೇಜು ಮೇಷ್ಟ್ರಾಗಿ ಈ ಕೆಲಸಾನೂ ಮಾಡ್ತೀರಾ?"

೩. ಒಬ್ಬಟ್ಟು

ಮುಂದಿನ ಸಲ ಮನೆಯೊಳಗೆ ಕರೆದು, ಎಲೆ ಹಾಕಿ ಒಬ್ಬಟ್ಟು ಬಡಿಸಿದರು. ಈಗ ಅನುಮಾನ ಬಂದದ್ದು ನನಗೆ. ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಗುಟ್ಟಾಗಿ ಒಬ್ಬರನ್ನು ಕಳಿಸಿ ತೋಟ, ಮನೆ ನೋಡಿಸುವುದುಂಟು. ಆ ಗುಟ್ಟಿನ ಮನುಷ್ಯ ನಾನೇ ಎಂದು ಯಜಮಾನರ ಹೆಂಡತಿ ತೀರ್ಮಾನಿಸಿಬಿಟ್ಟಿದ್ದರು.

"ನಾನು ಹೆಣ್ಣಿನ ಕಡೆಯವನಲ್ಲಮ್ಮ."

"ಹೌದು ಅಂತ ಯಾರು ತಾನೆ ಒಪ್ಕೊಂತಾರೆ? ತುಪ್ಪ ಹಾಕ್ಕೊಳ್ಳಿ."

ನಂಬಿಸಲೆಂದು ಗೀಜಗನ ವಿಷಯ ತೆಗೆದೆ. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಒಳಗೆಲ್ಲ ಪರೀಕ್ಷೆ ಮಾಡುತ್ತದೆ, ಹಿಡಿಸದಿದ್ದರೆ ಹಾರಿಹೋಗುತ್ತದೆ, ಪಾಪ ಗಂಡು ಇನ್ನೊಂದು ಕಟ್ಟಬೇಕು ಎಂದು ಪಾಠ ಮಾಡಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಸುತ್ತಿ ಬಳಸಿ ಯಾಕ್ ಹೇಳ್ತೀರ ಸ್ವಾಮಿ? ಅಡುಗೆಮನೆ ಹಿಡಿಸಲಿಲ್ಲ ಅಂದ್ಬುಡಿ" ಎಂದರು ಆಕೆ. ಕಣ್ಣಲ್ಲಿ ನೀರಿತ್ತು. ಅವರ ಸಮಾಧಾನಕ್ಕೆಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಗೀಜಗ ಮರಿ ಮಾಡಿದೆಯೇನೋ ಎಂದು ಆಮೇಲೊಮ್ಮೆ ಹೋದರೆ ಅಂಗಳದ ತುಂಬ ಮರಳು, ಸಿಮೆಂಟು. ಅಡುಗೆಮನೆಗೆ ಟೈಲ್ಸ್ ಹಾಕುತ್ತಿದ್ದರು. ಮದುವೆಯಾಗಬೇಕಾದ ಮಗ ಬಾಂಡ್ಲಿ ಕೆಳಗಿಟ್ಟು ನನ್ನ ಹತ್ತಿರ ಬಂದ. ಆಚೆ ಈಚೆ ನೋಡಿ ಪಿಸುಗುಟ್ಟಿದ:

"ಸಾರ್, ಆ ಹೆಣ್ಣಕ್ಕಿಗೆ ಅಟ್ಯಾಚ್ಡ್ ಬಾತ್‌ರೂಮೂ ಇರ್ಬೇಕಂತಾ?"