ಅತ್ತೆಯ ವಿಮಾನಯಾನ ಮತ್ತು ನನ್ನ ಅರಿಶಿನದ ಕೈ

ಕೆಲವು ಸತ್ಯಗಳು ಎಷ್ಟು ಮೆಲ್ಲಗೆ ಹೇಳಿದರೂ ಬಡಾಯಿಯಂತೆಯೇ ಕೇಳಿಸುತ್ತವೆ. ನಮ್ಮ ಮನೆಯಲ್ಲಿ ಒಂದು ವಿಮಾನವಿದೆ ಎನ್ನುವುದು ಅಂಥ ಸತ್ಯಗಳಲ್ಲೊಂದು. ನಾನು ಹೊಸಕೋಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಸೋಮವಾರ ಸ್ಟಾಫ್ ರೂಮಿನಲ್ಲಿ ಯಾರಾದರೂ "ನಿನ್ನೆ ಏನ್ ಮಾಡಿದ್ರಿ ಮಿಸ್?" ಎಂದು ಕೇಳಿದರೆ, "ನಮ್ಮನೆಯವರು ಗಾಡಿ ರಿಪೇರಿಗೆ ಹೋಗಿದ್ರು, ನಾನೂ ಹೋಗಿದ್ದೆ" ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಒಂದೇ ಒಂದು ಸಲ ಧೈರ್ಯ ಮಾಡಿ, ಅದು ಗಾಡಿಯಲ್ಲ, ವಿಮಾನ ಎಂದುಬಿಟ್ಟಿದ್ದೆ. ಗಣಿತದ ಸರೋಜಾ ಮಿಸ್ ನನ್ನ ಮುಖವನ್ನು ಬಹಳ ಕನಿಕರದಿಂದ ನೋಡಿ, ತಮ್ಮ ಬಾಟಲಿಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ, "ಬಿಸಿಲು ಜಾಸ್ತಿ ಆಗ್ಬಿಟ್ಟಿದೆ ಈ ಸಲ. ಮೊದ್ಲು ಇದನ್ನ ಕುಡೀರಿ" ಎಂದಿದ್ದರು. ನಾಲ್ಕು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಅಂದಿನಿಂದ ನಮ್ಮ ವಿಮಾನ ಸ್ಟಾಫ್ ರೂಮಿನ ಮಟ್ಟಿಗೆ ಗಾಡಿಯಾಗಿಯೇ ಉಳಿಯಿತು.

ವಿಮಾನವೆಂದರೆ ನೀವೂ ಏನೇನೋ ಕಲ್ಪಿಸಿಕೊಳ್ಳಬೇಡಿ. ಮೆಟ್ಟಿಲು, ಗಗನಸಖಿ, ಚಾಕೊಲೇಟು ಯಾವುದೂ ಇಲ್ಲ. ಅಕ್ಕಪಕ್ಕ ಎರಡೇ ಸೀಟು, ಮೂತಿಯಲ್ಲೊಂದು ಪ್ರೊಪೆಲ್ಲರು. ನಮ್ಮ ಅತ್ತೆ ಅದನ್ನು "ಫ್ಯಾನು" ಅನ್ನುತ್ತಾರೆ. ವಯಸ್ಸಿನಲ್ಲಿ ಅದು ನನಗಿಂತ ಹಿರಿಯದು, ಆದರೆ ಬಣ್ಣ ಬಳಿದುಕೊಂಡು ನನಗಿಂತ ಚಿಕ್ಕದಾಗಿ ಕಾಣುತ್ತದೆ. ಅದರ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಸೊಂಟದಿಂದ ಒಂದು ಗುದ್ದು ಕೊಟ್ಟರೆ ಮಾತ್ರ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯ ಬೀರುವಿನದೂ ಇದೇ ಸ್ವಭಾವವಾದ್ದರಿಂದ ನನಗದು ಹೊಸದೆನಿಸಲಿಲ್ಲ. ನಮ್ಮ ಮಾವನ ಜಮೀನು ಇದ್ದದ್ದು ದೇವನಹಳ್ಳಿ ಕಡೆ. ಅಲ್ಲಿ ದೊಡ್ಡ ವಿಮಾನ ನಿಲ್ದಾಣ ಬಂತು, ಜಮೀನು ಹೋಯಿತು, ಪರಿಹಾರ ಬಂತು. ಆಗ ಊರಿನ ಜನ ಮನೆ ಕಟ್ಟಿಸಿದರು, ಕಾರು ತಂದರು, ಚೌಲ್ಟ್ರಿ ಕಟ್ಟಿಸಿದರು. ನಮ್ಮವರು ಮಾತ್ರ ವಿಮಾನ ಹಾರಿಸುವುದನ್ನು ಕಲಿತು, ಯಾವುದೋ ಫ್ಲೈಯಿಂಗ್ ಸ್ಕೂಲಿನವರು ಸಾಕಪ್ಪಾ ಎಂದು ಮೂಲೆಗೆ ತಳ್ಳಿದ್ದ ಈ ಹಳೆಯ ಜೀವವನ್ನು ಕೊಂಡು ತಂದರು. "ನಮ್ಮ ಹೊಲದ ಮೇಲೆ ಯಾರ್‍ಯಾರೋ ಹಾರಾಡ್ತಾರೆ, ನಾವ್ಯಾಕೆ ಹಾರ್‍ಬಾರ್‍ದು?" ಎಂಬುದು ಅವರ ವಾದ. 

ನಮ್ಮವರ ಹೆಸರು ನಾರಾಯಣಸ್ವಾಮಿ, ಮನೆಯಲ್ಲಿ ಎಲ್ಲರಿಗೂ ನಾಣಿ. ವಾರವೆಲ್ಲ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಭಾನುವಾರ ಬಂತೆಂದರೆ ಊರಾಚೆಯ ಸಣ್ಣ ಏರ್‌ಸ್ಟ್ರಿಪ್ಪಿನ ಶೆಡ್ಡಿನಲ್ಲಿ ಮತ್ತೆ ಯಂತ್ರದ ಸೇವೆ. ಹಳೆಯ ವಿಮಾನಕ್ಕೆ ಒಂದು ಒಳ್ಳೆಯ ಗುಣವಿದೆ, ಎಲ್ಲವೂ ಒಟ್ಟಿಗೆ ಕೆಡುವುದಿಲ್ಲ. ಸರದಿಯ ಪ್ರಕಾರ ಕೆಡುತ್ತದೆ. ಬಳೆಯಷ್ಟಗಲದ ಒಂದು ರಬ್ಬರ್ ಉಂಗುರ ಹೊರದೇಶದಿಂದ ಬರಬೇಕೆಂದು ನಾವು ಒಂದು ಮಳೆಗಾಲ ಪೂರ್ತಿ ಕಾದದ್ದುಂಟು. ಎಲ್ಲ ಸರಿಯಿದ್ದ ದಿನವೂ ಹಾಗೇ ಹತ್ತಿ ಹಾರುವಂತಿಲ್ಲ. ದೊಡ್ಡ ವಿಮಾನಗಳಿಗೆ ಅಡ್ಡ ಬರದಂತೆ, ಇಷ್ಟು ಹೊತ್ತಿಗೆ ಏಳಬೇಕು, ಇಷ್ಟರೊಳಗೆ ಇಳಿಯಬೇಕು ಎಂದು ದೇವನಹಳ್ಳಿಯವರಿಂದ ಅಪ್ಪಣೆ ಪಡೆಯಬೇಕು. ಅಪ್ಪಣೆ ಸಿಕ್ಕ ಮೇಲೂ ಇವರು ಹತ್ತುವುದಿಲ್ಲ, ಸುತ್ತು ಹಾಕುತ್ತಾರೆ. ರೆಕ್ಕೆಯ ಕೆಳಗೆ ಕೂತು, ಪುಟ್ಟ ಗಾಜಿನ ಕೊಳವೆಗೆ ಪೆಟ್ರೋಲು ಇಳಿಸಿ, ಬೆಳಕಿಗೆ ಹಿಡಿದು ನೀರು ಸೇರಿದೆಯೇ ಎಂದು ನೋಡುತ್ತಾರೆ. ನಾನು ಹಾಲಿನವನ ಮೇಲೂ ಇಷ್ಟು ಅನುಮಾನ ಪಟ್ಟವಳಲ್ಲ. ಆಮೇಲೆ ಒಂದೊಂದು ಕೀಲನ್ನೂ ಅಲ್ಲಾಡಿಸಿ, ಪ್ರೊಪೆಲ್ಲರಿನ ಅಂಚನ್ನು ಸವರಿ, ಕಣಜ ಎಲ್ಲಾದರೂ ಮಣ್ಣಿನ ಗೂಡು ಕಟ್ಟಿದೆಯೇ ಎಂದು ಸಂದುಗೊಂದುಗಳಲ್ಲಿ ಇಣುಕಿ ನೋಡುತ್ತಾರೆ. ಎಷ್ಟೋ ಸಲ ಇಷ್ಟೆಲ್ಲ ಮಾಡಿ, ಕೊನೆಗೆ ಒಂದು ಮೋಡದ ತುಣುಕನ್ನು ತೋರಿಸಿ, "ಇವತ್ತು ಬೇಡ" ಎಂದು ಶೆಡ್ಡಿನ ಬಾಗಿಲು ಎಳೆದು ಬಂದದ್ದಿದೆ.

"ಅಲ್ರೀ, ನೀವು ಬರೋದು ಹಾರೋಕೋ ನೋಡೋಕೋ?" ಎಂದು ನಾನು ರೇಗಿದರೆ ಇವರ ಉತ್ತರ ಸಿದ್ಧವಾಗಿರುತ್ತಿತ್ತು: "ನೆಲಮಂಗಲದ ರೋಡಲ್ಲಿ ಲಾರಿ ಕೆಟ್ರೆ ಚಕ್ರಕ್ಕೆ ಕಲ್ಲಿಟ್ಟು ನಿಲ್ಲಿಸ್ತಾರೆ. ನಾನೆಲ್ಲಿ ಕಲ್ಲಿಡ್ಲಿ, ಹೇಳು?"

ನಾನು ಸುಮ್ಮನಾಗಬಹುದಿತ್ತು. ಆದರೆ ಇದರಲ್ಲಿ ಅತ್ತೆಯ ಆಸೆಯೊಂದು ಸಿಕ್ಕಿಕೊಂಡಿತ್ತು. ಅತ್ತೆಯ ತವರು ಸಮೇತನಹಳ್ಳಿ. ಮಂಡಿ ನೋವು ಹಿಡಿದ ಮೇಲೆ ಅವರು ಮನೆಯ ಹೊಸ್ತಿಲು ದಾಟುವುದೇ ಅಪರೂಪವಾಗಿತ್ತು. ಒಂದು ದಿನ ಮಗನನ್ನು ಕೂರಿಸಿಕೊಂಡು, "ಲೋ ನಾಣಿ, ಬದು ಮೇಲೆ ನಡೆಯೋಕೆ ನನ್ ಕೈಲಾಗಲ್ಲ. ನಮ್ಮಪ್ಪನ ಹೊಲಾನ ಮೇಲಿಂದಾನಾದ್ರೂ ಒಂದ್ಸಲ ತೋರ್‍ಸಪ್ಪಾ" ಎಂದರು. ಇವರು "ಆಯ್ತಮ್ಮ" ಎಂದರು. ಆ ಆಯ್ತಮ್ಮನಿಗೆ ಒಂದು ವರ್ಷವಾಯಿತು. ಒಮ್ಮೆ ಗಾಳಿ, ಒಮ್ಮೆ ಮೋಡ, ಒಮ್ಮೆ ಎಂಜಿನ್ನಿನಲ್ಲಿ ಇವರಿಗೆ ಮಾತ್ರ ಕೇಳಿಸುವ ಏನೋ ಸದ್ದು. ಅತ್ತೆ ಪ್ರತಿಸಲವೂ ರೇಷ್ಮೆ ಸೀರೆ ಉಟ್ಟು ಹೊರಟು, ಅದೇ ಮಡಿಕೆಯಲ್ಲಿ ವಾಪಸು ಬರುತ್ತಿದ್ದರು. ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ, "ನನಗೆ ಕಣ್ಣು ಕಾಣೋವಾಗ್ಲೇ ಹತ್ತಿಸ್ತಾನೋ ಇಲ್ವೋ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ನನಗೆ ಸಂಕಟವಾಯಿತು. ಅಂದು ರಾತ್ರಿ ಊಟಕ್ಕೆ ಕೂತ ಇವರಿಗೆ, ಈ ಆಯುಧಪೂಜೆಗೆ ಅತ್ತೆ ಮೇಲೆ ಹೋಗದಿದ್ದರೆ ನಾನು ಇನ್ನೆಂದೂ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿಬಿಟ್ಟೆ. ಇವರು ಸಾರು ಹಾಕಿಸಿಕೊಂಡು ಒಪ್ಪಿದರು.

ಆಯುಧಪೂಜೆಯ ದಿನ ನೆಂಟರಿಷ್ಟರೆಲ್ಲ ಶೆಡ್ಡಿನ ಮುಂದೆ ಸೇರಿದರು. ಇವರ ಅಣ್ಣ, ಅಂದರೆ ನಮ್ಮ ಮುನಿರಾಜು ಭಾವ, ಟ್ರಾಕ್ಟರಿನ ಪೂಜೆ ಮುಗಿಸಿಕೊಂಡು ಹಣೆ ತುಂಬ ಕುಂಕುಮದೊಂದಿಗೆ ಬಂದಿದ್ದರು. ಬಂದವರೇ, "ಏನೋ ನಾಣಿ, ನಿನ್ ಇಮಾನ ಇವತ್ತಾದ್ರೂ ಎದ್ದೇಳ್ತದಾ, ಇಲ್ಲ ಬರೀ ಹೂ ಮುಡ್ಕೊಂಡು ನಿಂತ್ಕತದಾ?" ಎಂದು ಶುರು ಮಾಡಿದರು. ಇವರು ನಗುತ್ತಲೇ ತಮ್ಮ ಷರತ್ತುಗಳನ್ನು ಹೇಳಿದರು. ಕಾಯಿಯನ್ನು ದೂರದ ಕಲ್ಲಿಗೆ ಒಡೆಯಬೇಕು, ಬೂದುಗುಂಬಳ ರನ್‌ವೇ ಕಡೆ ಉರುಳಬಾರದು, ಕರ್ಪೂರ ಪೆಟ್ರೋಲಿನ ಹತ್ತಿರ ಸುಳಿಯಬಾರದು. ಪುರೋಹಿತರು ಪಾಪ, ರಸ್ತೆಯ ಆಚೆ ನಿಂತು, ಬಸ್ಸು ಹೊರಟಾಗ ಟಾಟಾ ಮಾಡುವವರಂತೆ ಮಂಗಳಾರತಿ ಎತ್ತಿದರು. ಅರಿಶಿನ ಕುಂಕುಮದ ಕೆಲಸ ನನ್ನದಾಗಿತ್ತು. ಈ ವಿಷಯದಲ್ಲಿ ನಮ್ಮ ಮನೆಯದು ಕಟ್ಟುನಿಟ್ಟು. ಆಯುಧಪೂಜೆಯ ದಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ಕೊನೆಗೆ ನನ್ನ ಬ್ಯಾಗಿನಲ್ಲಿರುವ ಡಸ್ಟರೂ ಬೊಟ್ಟಿಲ್ಲದೆ ಉಳಿಯುವಂತಿಲ್ಲ. ಯಾವುದನ್ನಾದರೂ ಬಿಟ್ಟರೆ ಅದು ಮುನಿಸಿಕೊಳ್ಳುತ್ತದೆ ಎಂದು ಅತ್ತೆಯ ನಂಬಿಕೆ. ನಾನು ಮೂತಿಗೆ, ಚಕ್ರಗಳಿಗೆ, ರೆಕ್ಕೆಗಳಿಗೆ, ಬಾಲಕ್ಕೆ ಎಲ್ಲ ಇಟ್ಟು ಮುಗಿಸಿದ್ದೆ. ಅಷ್ಟರಲ್ಲಿ ಅತ್ತೆ ಎಡ ರೆಕ್ಕೆಯ ಕೆಳಗೆ, ಕೆಂಪು ಬಟ್ಟೆಯ ಕುಲಾವಿ ಹಾಕಿಕೊಂಡಿದ್ದ ಸಣ್ಣ ಕೊಳವೆಯೊಂದನ್ನು ಕಂಡುಹಿಡಿದರು. "ಅಯ್ಯೋ, ಅದನ್ಯಾಕೆ ಹಂಗೇ ಬಿಟ್ಟೆ? ಅದಕ್ಕೂ ಒಂದು ಬೊಟ್ಟಿಡೇ" ಎಂದರು.

ನಾನು ಕುಲಾವಿ ತೆಗೆದು, ಕೊಳವೆಯ ಬಾಯಿಗೆ ಕಲಸಿದ ಅರಿಶಿನ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಅಷ್ಟರಲ್ಲಿ ಇವರು ಆ ತುದಿಯಿಂದ ಹೂವು ಬಿಚ್ಚುತ್ತಾ, ಬೊಟ್ಟುಗಳನ್ನೆಲ್ಲ ಬಟ್ಟೆಯಲ್ಲಿ ಒರೆಸುತ್ತಾ ಬರುವುದು ಕಂಡಿತು. ಹೇಗೂ ಒರೆಸುತ್ತಾರೆ, ನಾನೇ ಅಚ್ಚುಕಟ್ಟಾಗಿ ಒರೆಸಿಬಿಡೋಣ ಎಂದು ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು, ಮಗುವಿನ ಕಿವಿ ಒರೆಸುವ ಹಾಗೆ ಆ ಕೊಳವೆಯೊಳಕ್ಕೂ ತೂರಿಸಿ ತಿರುಗಿಸಿದೆ. ಬಾಯಿ ತಳತಳ ಹೊಳೆಯಿತು. ಕುಲಾವಿಯನ್ನು ಮತ್ತೆ ಹಾಕಿ, ಮಾಡಿದ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ಇವರು ಬಂದು ಕುಲಾವಿ ತೆಗೆದು ನೋಡಿದಾಗ ಆ ಕೊಳವೆ ಇಡೀ ವಿಮಾನದಲ್ಲೇ ಅತ್ಯಂತ ಚೊಕ್ಕಟವಾಗಿತ್ತು.

ರೇಷ್ಮೆ ಸೀರೆಯ ಅತ್ತೆಯನ್ನು ಇಬ್ಬರು ಹಿಡಿದು ಕೂರಿಸಿದರು. ಬಾಗಿಲಿಗೆ ಗುದ್ದು ಬಿತ್ತು. ವಿಮಾನ ರನ್‌ವೇ ತುದಿಗೆ ಹೋಗಿ ತಿರುಗಿ, ಗರ್ಜಿಸಿಕೊಂಡು ಓಡಿ ಬಂತು. ಭಾವ ಶಿಳ್ಳೆ ಹೊಡೆದರು. ಇನ್ನೇನು ಎದ್ದಿತು ಎನ್ನುವಾಗ ಸದ್ದು ಇಳಿಯಿತು, ಓಟ ನಡಿಗೆಯಾಯಿತು, ಅತ್ತೆ ಕೂತ ಹಾಗೆಯೇ ನಮ್ಮ ಮುಂದೆ ಬಂದು ನಿಂತರು. ಭಾವ, "ಹೋಗ್ಲಿ ಬಿಡವ್ವ, ಟಿಕೆಟ್ ಇಲ್ದೆ ಬಸ್ಸಲ್ಲಿ ಬಂದಂಗಾಯ್ತು" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಯ ಮುಖ ನೋಡಿ ನನಗೆ ಅಳುವೇ ಬಂತು.

ಇವರು ಮಾತ್ರ ಏನೂ ಆಗದವರಂತೆ ಇಳಿದು ಬಂದು, "ಸ್ಪೀಡಿನ ಮುಳ್ಳು ಏಳ್ಲಿಲ್ಲ" ಎಂದರು.

"ಓಡ್ತಾ ಇದ್ದದ್ದು ಇಷ್ಟು ಜನಕ್ಕೂ ಕಾಣ್ತಿತ್ತಲ್ರೀ! ಅದಕ್ಕೂ ಮುಳ್ಳನ್ನ ಕೇಳ್ಬೇಕಾ?" ಎಂದು ಕೂಗಿದೆ.

"ಓಡ್ತಿದೆ ಅಂತ ನನಗೂ ಕಾಣ್ತಿತ್ತು ಕಣೇ. ಎಷ್ಟು ಓಡ್ತಿದೆ ಅಂತ ಗೊತ್ತಾಗ್ಬೇಕಲ್ಲ. ಮೇಲೆ ಹೋದಾಗ ನಿಧಾನ ಆದ್ರೆ ಬಿದ್ದೋಗ್ತೀವಿ" ಎಂದು ಹೇಳುತ್ತಲೇ ಆ ಪುಟ್ಟ ಕೊಳವೆಯ ಬಳಿ ಬಗ್ಗಿದರು. ಎದುರುಗಾಳಿ ಆ ಕೊಳವೆಯೊಳಗೆ ನುಗ್ಗಿದರೆ ಮಾತ್ರ ಒಳಗಿನ ಮುಳ್ಳು ಏಳುತ್ತದಂತೆ. ಟಾರ್ಚು ಹಾಕಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಶಾಂತವಾಗಿ, "ಇದರೊಳಗೆ ಅರಿಶಿನ ತುಂಬಿದ್ದು ಯಾರು?" ಎಂದು ಕೇಳಿದರು.

ಅತ್ತೆ ಸೀಟಿನಿಂದಲೇ, "ನಾನೇ ಹೇಳಿದ್ದು ಕಣಪ್ಪಾ" ಎಂದರು. ಎಂಥ ದೊಡ್ಡ ಮನಸ್ಸು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, "ಆದ್ರೆ ತುಂಬಿದ್ದು ಅವ್ಳು" ಎಂದು ಸೇರಿಸಿದರು.

ಭಾವ ಮುಂದೆ ಬಂದು, "ಅಷ್ಟೇ ತಾನೆ? ಜೋರಾಗಿ ಒಂದ್ಸಲ ಊದಿದ್ರೆ ಹೋಗ್ತದೆ" ಎಂದು ತುಟಿ ಇಟ್ಟೇಬಿಟ್ಟಿದ್ದರು. "ಊದ್ಬೇಡ ಕಣಣ್ಣಾ!" ಎಂದು ಇವರು ಕಿರುಚಿದ್ದು ಬಹುಶಃ ದೇವನಹಳ್ಳಿಯವರೆಗೂ ಕೇಳಿಸಿರಬೇಕು. ಊದಿದರೆ ಒಳಗಿನ ಮುಳ್ಳೇ ಹಾಳಾಗುತ್ತದಂತೆ, ಲೈಸೆನ್ಸಿರುವ ಇಂಜಿನಿಯರೇ ಬಂದು ಬಿಚ್ಚಿ ತೊಳೆಯಬೇಕಂತೆ. ಅಂದು ಇವರು ದನಿ ಎತ್ತಿದ್ದು ಅದೊಂದೇ ಸಲ. ನನಗೆ ಒಂದು ಮಾತೂ ಅನ್ನಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ ತಾವೇ ನೆನೆಸಿಕೊಂಡು ನಕ್ಕು, "ಕಣಜಕ್ಕಿಂತ ನೀನೇ ಚೆನ್ನಾಗಿ ಮುಚ್ಚಿದ್ದೆ" ಎಂದರು.

ನನಗೆ ನಗು ಬರಲಿಲ್ಲ. ನಾನು ಬೇರೇನೋ ಯೋಚಿಸುತ್ತಿದ್ದೆ. ಪಕ್ಕದಲ್ಲಿ ವರ್ಷದಿಂದ ಕಾದ ತಾಯಿ, ಎದುರಿಗೆ ಹಲ್ಲು ಕಿರಿಯಲು ಕಾದು ನಿಂತ ಬಂಧುಬಳಗ, ಅದರಲ್ಲಿ ಸವಾಲು ಹಾಕಿದ ಹೆಂಡತಿ. ಓಡುತ್ತಿರುವ ವಿಮಾನ ಏಳಲು ಸಿದ್ಧವಾಗಿದೆ. 'ಹಾಳು ಮುಳ್ಳು, ಇರಲಿ' ಎಂದುಕೊಳ್ಳಲು ಎಷ್ಟು ಹೊತ್ತು ಬೇಕು? ಹಾಗೆ ಅಂದುಕೊಳ್ಳದೆ, ಇಡೀ ವಂಶದ ಮುಂದೆ ನಗೆಪಾಟಲಾಗುವುದನ್ನು ಇವರು ಒಂದು ಕ್ಷಣದಲ್ಲಿ ಆರಿಸಿಕೊಂಡರು. ಸರೋಜಾ ಮಿಸ್ಸಿನ ಒಂದೇ ಒಂದು ನೋಟಕ್ಕೆ ಹೆದರಿ ವಿಮಾನವನ್ನು ಗಾಡಿ ಮಾಡಿಕೊಂಡ ನನಗೆ ಆ ಧೈರ್ಯ ಎಲ್ಲಿಂದ ಬರಬೇಕು? ಇಷ್ಟು ವರ್ಷ ನಾನು ಪುಕ್ಕಲುತನ ಎಂದುಕೊಂಡಿದ್ದು ಧೈರ್ಯವಾಗಿತ್ತು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನ ಮೇಲೆ ಹೊಸದಾಗಿ ಅಭಿಮಾನ ಹುಟ್ಟುವುದು ಸ್ವಲ್ಪ ನಾಚಿಕೆಯ ವಿಷಯವೇ, ಆದರೆ ಹುಟ್ಟಿತು.

ಇಂಜಿನಿಯರು ಬಂದು ಅರಿಶಿನ ತೆಗೆದರು. ಇವರು ಒಬ್ಬರೇ ಹಾರಿ ಪರೀಕ್ಷಿಸಿದರು. ಅದರ ಮುಂದಿನ ಭಾನುವಾರ, ನೆಂಟರು ಯಾರೂ ಇಲ್ಲದ ಬೆಳಗ್ಗೆ, ಅತ್ತೆ ಮತ್ತೆ ಅದೇ ಸೀರೆ ಉಟ್ಟು ಹತ್ತಿದರು. ವಿಮಾನ ಓಡಿತು, ಎದ್ದಿತು, ರಾಗಿ ಹೊಲಗಳ ಮೇಲೆ ಸಣ್ಣಗಾಗಿ ಮರೆಯಾಯಿತು. ಮತ್ತೆ ಕಾಣುವವರೆಗೆ ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಇಳಿದ ಅತ್ತೆ ಕೆನ್ನೆ ಒರೆಸಿಕೊಳ್ಳುತ್ತಿದ್ದರು. ಹೆದರಿಕೆಯಾಯಿತೇ ಎಂದು ಕೇಳಿದೆ.

"ಹೆದ್ರಿಕೆ ಏನೇ? ನಮ್ಮಪ್ಪ ನೆಟ್ಟ ಹುಣಸೆಮರ ಹಂಗೇ ಅದೆ. ಅದ್ರ ಪಕ್ಕದ ಪಟ್ಟಿ ನೆಲಕ್ಕೆ ನಮ್ಮಣ್ಣಂದಿರಿಬ್ರೂ ಜಗಳ ಆಡಿ ಸಾಯೋಗಂಟ ಮಾತಾಡ್ಲಿಲ್ಲ. ಮೇಲಿಂದ ನೋಡಿದ್ರೆ ನನ್ ಸೀರೆ ಅಂಚಿನಷ್ಟೂ ಇಲ್ಲ ಕಣೇ ಅದು. ಅವರಿಬ್ಬರನ್ನೂ ಒಂದ್ಸಲ ಕೂರಿಸ್ಬೇಕಿತ್ತು ಇದ್ರಲ್ಲಿ" ಎಂದರು. ಇವರು ಪ್ರೊಪೆಲ್ಲರನ್ನು ಒರೆಸತೊಡಗಿದರು.

ಮರುವಾರ ನನ್ನ ಸರದಿ. ಸೆರಗಿನ ಅಪಾಯ ಬೇಡವೆಂದು ಚೂಡಿದಾರ್ ಹಾಕಿಕೊಂಡು ಹತ್ತಿ, ಬೆಲ್ಟು ಬಿಗಿದು ಕೂತೆ. ಇನ್ನೇನು ಎಂಜಿನ್ ಶುರು ಮಾಡಬೇಕು. "ರೀ, ಆ ಕೊಳವೆ ಕುಲಾವಿ ತೆಗೆದ್ರಾ?" ಎಂದೆ. ತೆಗೆದಿದ್ದರು. "ಒಳಗೆ ನೋಡಿದ್ರಾ? ಟಾರ್ಚ್ ಹಾಕಿ?" ಇಳಿದು ಹೋಗಿ ಟಾರ್ಚ್ ಹಾಕಿ ನೋಡಿ ಬಂದರು. ಪೆಟ್ರೋಲಿನ ನೀರು ಕೇಳಿದೆ. ಕೀಲುಗಳನ್ನು ಕೇಳಿದೆ. ಬೆಟ್ಟದ ಕಡೆ ಒಂದು ಮೋಡ ಕಾಣಿಸಿತು, ಅದನ್ನೂ ಕೇಳಿದೆ. ಕೊನೆಗೆ ಅವರು ಸರಿಯಾಗಿ ನೋಡುತ್ತಿಲ್ಲ ಎನ್ನಿಸಿ, ಬೆಲ್ಟು ಬಿಚ್ಚಿ ನಾನೇ ಇಳಿದು ಸುತ್ತು ಹಾಕತೊಡಗಿದೆ. ಬಾಲದ ಹತ್ತಿರ ಕೂತು ಒಂದು ಸ್ಕ್ರೂವನ್ನು ಅನುಮಾನದಿಂದ ನೋಡುತ್ತಿದ್ದಾಗ, ದೇವನಹಳ್ಳಿಯವರು ಕೊಟ್ಟ ಹೊತ್ತು ಮುಗಿಯಿತು, ಇವತ್ತಿಗೆ ಇಷ್ಟೇ ಎಂದು ಇವರು ಬಂದು ಹೇಳಿದರು. ಹೇಳಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಲ್ಲ ಕಣೇ, ನೀನು ಬಂದದ್ದು ಹಾರೋಕೋ ನೋಡೋಕೋ?" ಎಂದರು. ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಅತ್ತೆ, ಜೀವಮಾನವೆಲ್ಲ ಆಕಾಶದಲ್ಲೇ ಕಳೆದವರಂತೆ, "ಬಿಡೋ, ಮೊದಮೊದ್ಲು ಎಲ್ಲರಿಗೂ ಹಂಗೇ ಆಗೋದು" ಎಂದು ನನ್ನ ಪರ ವಹಿಸಿದರು.

ಸೋಮವಾರ ಸ್ಟಾಫ್ ರೂಮಿನಲ್ಲಿ ಯಥಾಪ್ರಕಾರ, "ನಿನ್ನೆ ಏನ್ ಮಾಡಿದ್ರಿ ಮಿಸ್?" ಎಂಬ ಪ್ರಶ್ನೆ ಬಂತು. ಇನ್ನು ಮುಚ್ಚಿಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. "ನಮ್ಮ ವಿಮಾನ ಹತ್ತಿ ಕೂತಿದ್ದೆ" ಎಂದೆ.

"ಹೌದಾ? ಎಲ್ಲಿಗೆ ಹೋಗಿದ್ರಿ?" ಎಂದರು ಸರೋಜಾ ಮಿಸ್.

"ಎಲ್ಲಿಗೂ ಇಲ್ಲ" ಎಂದೆ.

ಅವರು ಮಜ್ಜಿಗೆಯ ಬಾಟಲಿ ತೆಗೆದರು. ಈ ಸಲ ನಾನು ಲೋಟ ಪೂರ್ತಿ ಕುಡಿದೆ.